ಅಪರಿಚಿತರ ಮೇಲಿನ ಸಿಟ್ಟು ಎಲ್ಲಿಂದ ಬರುತ್ತೆ?

2025ರ ಏಪ್ರಿಲ್ 21, ಸೋಮವಾರ ಬೆಳಿಗ್ಗೆ. ಸಿ.ವಿ.ರಾಮನ್ ನಗರದಿಂದ ಏರ್‌ಪೋರ್ಟ್‌ಗೆ ಹೊರಟಿದ್ದ ವಾಯುಪಡೆಯ ಅಧಿಕಾರಿಯೊಬ್ಬರಿಗೂ ಬೈಕಿನಲ್ಲಿದ್ದ ಯುವಕನೊಬ್ಬನಿಗೂ ನಡುರಸ್ತೆಯಲ್ಲಿ ಜಗಳ ಆಯ್ತು. ಅಧಿಕಾರಿ ಮುಖದ ಮೇಲೆ ರಕ್ತ ಇಳೀತಿದ್ದ ಹಾಗೇ ವಿಡಿಯೋ ಮಾಡಿ ಹಾಕಿದರು. ಕನ್ನಡದಲ್ಲಿ ಬೈದು ತಮ್ಮ ಮೇಲೆ ಹಲ್ಲೆ ಮಾಡಿದರು ಅಂತ ಹೇಳಿದರು. ನೋಡ್ತಾ ನೋಡ್ತಾ ಇದು ಇಬ್ಬರ ಜಗಳವಾಗಿ ಉಳೀಲಿಲ್ಲ. ಬೆಂಗಳೂರಿನ ಹೆಸರನ್ನೂ ಸರಿಯಾಗಿ ಉಚ್ಚರಿಸಲು ಬಾರದವರು ಇಡೀ ಊರನ್ನು ಬೈದರು. ಇಲ್ಲಿನವರು ಇಡೀ ಉತ್ತರ ಭಾರತವನ್ನೇ ಬೈದರು. ಒಂದು ದಿನದೊಳಗೆ ಸಿಸಿಟಿವಿ ದೃಶ್ಯ ಹೊರಬಂತು. ಅದರಲ್ಲಿ ಅಧಿಕಾರಿಯೇ ಯುವಕನನ್ನು ಹೊಡೀತಿರೋದು ಕಾಣಿಸ್ತು. ಪೊಲೀಸರು ಅಧಿಕಾರಿಯ ಮೇಲೂ ಕೇಸು ದಾಖಲಿಸಿದರು. ಯಾರ ತಪ್ಪು ಎಷ್ಟು ಅನ್ನೋದು ಕಾನೂನಿನ ಕೆಲಸ, ಅದನ್ನ ಅಲ್ಲಿಗೇ ಬಿಡೋಣ.

ನಾನಿರೋ ದೊಡ್ಡನೆಕ್ಕುಂದಿಗೂ ಸಿ.ವಿ.ರಾಮನ್ ನಗರಕ್ಕೂ ಕೆಲವೇ ಕಿಲೋಮೀಟರ್ ದೂರ. ಆ ದಿನ ನಮ್ಮ ರಸ್ತೆಗಳಲ್ಲಿ ಯಾರೂ ಯಾರಿಗೂ ಹೊಡೆದಾಡಲಿಲ್ಲ. ಬಿಹಾರದ ಹುಡುಗ ತರಕಾರಿ ತೂಗುತ್ತಿದ್ದ, ಕೋಲಾರದ ಅಜ್ಜಿ ಚೌಕಾಸಿ ಮಾಡ್ತಿದ್ರು, ಇಬ್ಬರಿಗೂ ಅರ್ಥವಾಗೋ ಒಂದು ಮುರುಕು ಭಾಷೆಯಲ್ಲಿ. ಜಗಳ ಇದ್ದದ್ದು ಫೋನಿನಲ್ಲಿ ಮಾತ್ರ. ಯಾವತ್ತೂ ಭೇಟಿಯಾಗದ, ಮುಂದೆಯೂ ಆಗದ ಜನರ ಮೇಲೆ ಅಷ್ಟೊಂದು ಸಿಟ್ಟು ಬರೋದು ಹೇಗೆ? ಈ ಪ್ರಶ್ನೆ ಹಿಡ್ಕೊಂಡು ನಾನು ಬೆಂಗಳೂರಿನ ಕಳೆದ ನಲವತ್ತು ವರ್ಷಗಳನ್ನ ಹಿಂದಿರುಗಿ ನೋಡಿದೆ.

ಎಲ್ಲರ ಬಳಿಯೂ ಇದಕ್ಕೊಂದು ಸಿದ್ಧ ಉತ್ತರ ಇದೆ: ಇಂಟರ್ನೆಟ್‌ನಲ್ಲಿ ಹೆಸರು ಮರೆಸಿಕೊಂಡು ಬೈಯಬಹುದು, ಅದಕ್ಕೇ ಬೈತಾರೆ. 2004ರಲ್ಲಿ ಜಾನ್ ಸುಲರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಆನ್‌ಲೈನ್‌ನಲ್ಲಿ ಜನ ಸಂಕೋಚ ಕಳಚಿ ವರ್ತಿಸೋದರ ಬಗ್ಗೆ ಒಂದು ಪ್ರಬಂಧ ಬರೆದರು. ಅವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದೇ ಅನಾಮಧೇಯತೆ. ದಕ್ಷಿಣ ಕೊರಿಯಾ ಈ ಉತ್ತರವನ್ನ ನಂಬಿ ಕಾನೂನನ್ನೇ ಮಾಡ್ತು. 2007ರಿಂದ ಅಲ್ಲಿನ ದೊಡ್ಡ ವೆಬ್‌ಸೈಟುಗಳಲ್ಲಿ ಕಾಮೆಂಟ್ ಹಾಕಬೇಕಾದರೆ ಅಸಲಿ ಗುರುತು ಕೊಡಲೇಬೇಕಿತ್ತು. ಬೈಗುಳ ಹೇಳಿಕೊಳ್ಳುವಷ್ಟೇನೂ ಕಡಿಮೆ ಆಗಲಿಲ್ಲ. ಬದಲಿಗೆ 2011ರಲ್ಲಿ ಒಂದು ದೊಡ್ಡ ಹ್ಯಾಕ್ ಆಗಿ ಸುಮಾರು ಮೂರೂವರೆ ಕೋಟಿ ಬಳಕೆದಾರರ ವಿವರ ಕಳ್ಳರ ಕೈಸೇರಿತು. 2012ರ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು.

ನಮ್ಮ ಅನುಭವವೂ ಅದೇ ತಾನೇ? ಫೇಸ್‌ಬುಕ್‌ನಲ್ಲಿ ಬಾಯಿಗೆ ಬಂದ ಹಾಗೆ ಬರೆಯೋ ಎಷ್ಟೋ ಜನ ಸ್ವಂತ ಹೆಸರು, ಸ್ವಂತ ಫೋಟೋ, ಕೆಲಸ ಮಾಡೋ ಕಂಪನಿ ಎಲ್ಲಾ ಹಾಕ್ಕೊಂಡೇ ಬರೀತಾರೆ. ಮಗಳ ಹುಟ್ಟುಹಬ್ಬದ ಫೋಟೋ ಮೇಲೆ, ಅದರ ಕೆಳಗೆ ಯಾರಿಗೋ ಸಾವು ಬಯಸೋ ಪೋಸ್ಟು.

ಹಾಗಾದರೆ ಬೇರೆ ಏನೋ ಇದೆ. ಅದನ್ನ ನೋಡೋಕೆ ಇಂಟರ್ನೆಟ್ ಇಲ್ಲದಿದ್ದ ಕಾಲಕ್ಕೂ ಹೋಗಬೇಕು.

1986ರ ಡಿಸೆಂಬರ್ 7, ಭಾನುವಾರ. ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಪುರವಣಿಯಲ್ಲಿ ಮಲಯಾಳಂನಿಂದ ಅನುವಾದವಾದ ಒಂದು ಸಣ್ಣ ಕಥೆ ಬಂತು. ಕಥೆಯಲ್ಲಿದ್ದದ್ದು ಒಬ್ಬ ಬುದ್ಧಿಮಾಂದ್ಯ ಹುಡುಗ, ಅವನ ಹೆಸರು ಮಹಮದ್. ಇದು ಪ್ರವಾದಿಯವರಿಗೆ ಮಾಡಿದ ಅವಮಾನ ಅನ್ನೋ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆ ಆಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅದು ಇಂಗ್ಲಿಷ್ ಪತ್ರಿಕೆ. ಬೀದಿಗಿಳಿದವರಲ್ಲಿ ಆ ಕಥೆಯನ್ನ ಓದಿದವರು ಎಷ್ಟು ಜನ ಇದ್ದಿರಬಹುದು, ಯೋಚನೆ ಮಾಡಿ.

1994ರ ಅಕ್ಟೋಬರ್ 2ಕ್ಕೆ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿತು. ಹತ್ತೇ ನಿಮಿಷ. ಅದು ಕನ್ನಡದ ಜಾಗ ಕಿತ್ತುಕೊಳ್ಳುತ್ತೆ ಅಂತ ಪ್ರತಿಭಟನೆ ಶುರುವಾಗಿ, ಗಲಭೆಗೆ ತಿರುಗಿ, ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳ್ಕೊಂಡರು. ವಾರ್ತೆ ನಿಂತಿತು.

ಈ ಎರಡು ಘಟನೆಗಳಿಗೂ ಅವುಗಳದೇ ರಾಜಕೀಯ ಇತ್ತು, ಹಿಂದಿನ ಲೆಕ್ಕಾಚಾರಗಳಿದ್ದವು. ನನಗೆ ಇಲ್ಲಿ ಮುಖ್ಯ ಅನ್ನಿಸೋದು ಒಂದೇ ಸಂಗತಿ. ಓದದ ಕಥೆಯ ಬಗ್ಗೆಯೂ ಪ್ರಾಣ ತೆಗೆಯುವಷ್ಟು ಸಿಟ್ಟು ಬರಬಹುದು. ಆ ಸಿಟ್ಟನ್ನ ಹೊತ್ತು ತಂದವರು ಮಾತ್ರ ಗುರುತಿಲ್ಲದವರಾಗಿರಲಿಲ್ಲ. ಪಕ್ಕದ ಮನೆಯವರು, ಗ್ಯಾರೇಜಿನ ಗೆಳೆಯ, ದಿನಾ ಟೀ ಕುಡಿಯೋ ಅಂಗಡಿಯವರು. ನಂಬಿಕೆ ಇದ್ದದ್ದು ಸುದ್ದಿಯ ಮೇಲಲ್ಲ, ತಂದವರ ಮೇಲೆ.

2012ಕ್ಕೆ ಬನ್ನಿ. ಆ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಬೋಡೋಗಳು ಮತ್ತು ಮುಸ್ಲಿಮರ ನಡುವೆ ದೊಡ್ಡ ಹಿಂಸಾಚಾರ ಆಗಿತ್ತು. ಆಗಸ್ಟ್ ಹೊತ್ತಿಗೆ ಬೆಂಗಳೂರಲ್ಲಿದ್ದ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರ ಮೊಬೈಲಿಗೆ ಎಸ್‌ಎಂಎಸ್‌ಗಳು ಬರೋಕೆ ಶುರುವಾದವು: ರಂಜಾನ್ ಮುಗಿದ ಮೇಲೆ ನಿಮ್ಮ ಮೇಲೆ ದಾಳಿ ಆಗುತ್ತೆ, ಊರು ಬಿಡಿ. ಮೈಸೂರಿನಲ್ಲಿ ಟಿಬೆಟಿಯನ್ ಯುವಕನೊಬ್ಬನ ಮೇಲೆ ಹಲ್ಲೆ ಆದ ಸುದ್ದಿ ಅದಕ್ಕೆ ಒಗ್ಗರಣೆ ಹಾಕಿತು. ಆಗಸ್ಟ್ 15ರ ಸಂಜೆ, ಸ್ವಾತಂತ್ರ್ಯ ದಿನದಂದೇ, ಮೆಜೆಸ್ಟಿಕ್‌ನ ರೈಲು ನಿಲ್ದಾಣದಲ್ಲಿ ಸಾವಿರಾರು ಜನ. ಗುವಾಹಟಿಗೆ ವಿಶೇಷ ರೈಲುಗಳನ್ನ ಬಿಡಬೇಕಾಯ್ತು. ಸೆಕ್ಯುರಿಟಿ ಗಾರ್ಡುಗಳು, ಹೋಟೆಲಿನ ಅಡುಗೆಯವರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಕಾಲೇಜು ವಿದ್ಯಾರ್ಥಿಗಳು ಕೈಗೆ ಸಿಕ್ಕ ಬ್ಯಾಗು ಹಿಡ್ಕೊಂಡು ಹೊರಟರು.

ಆಗ ಹರಿದಾಡಿದ ಚಿತ್ರಗಳಲ್ಲಿ ಒಂದು ನೆನಪಿಡೋ ಹಾಗಿದೆ. ಸಾಲು ಸಾಲು ಹೆಣಗಳು, ನಡುವೆ ನಿಂತಿರೋ ಬೌದ್ಧ ಭಿಕ್ಷುಗಳು. ಬರ್ಮಾದಲ್ಲಿ ಮುಸ್ಲಿಮರನ್ನ ಕೊಂದಿರೋದು ಇದು ಅಂತ ಅದನ್ನ ಹಂಚಿದರು. ವಾಸ್ತವವಾಗಿ ಅದು 2010ರಲ್ಲಿ ಚೀನಾದ ಯುಶು ಪ್ರದೇಶದಲ್ಲಿ ಭೂಕಂಪ ಆದಾಗ ತೆಗೆದ ಫೋಟೋ. ಸತ್ತವರಿಗೆ ಅಂತ್ಯಸಂಸ್ಕಾರ ಮಾಡೋಕೆ ಬಂದಿದ್ದ ಟಿಬೆಟಿಯನ್ ಭಿಕ್ಷುಗಳು ಅವರು. ದುಃಖದಲ್ಲಿ ಜೊತೆ ನಿಂತವರನ್ನೇ ಕೊಲೆಗಾರರನ್ನಾಗಿ ಮಾಡೋಕೆ ಬೇಕಾಗಿದ್ದು ಒಂದು ಸಾಲಿನ ಶೀರ್ಷಿಕೆ ಮಾತ್ರ.

ಕೇಂದ್ರ ಸರ್ಕಾರ ಆಗಸ್ಟ್ 17ರಂದು ಬಲ್ಕ್ ಎಸ್‌ಎಂಎಸ್ ನಿಷೇಧಿಸಿತು. ಹದಿನೈದು ದಿನ, ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸೋ ಹಾಗಿಲ್ಲ. ಕೆಲವು ದಿನಗಳ ಮೇಲೆ ಅದನ್ನ ಇಪ್ಪತ್ತಕ್ಕೆ ಏರಿಸಿದರು. ಬೆಂಗಳೂರಲ್ಲಿ ಆ ಎಸ್‌ಎಂಎಸ್‌ಗಳು ಹೇಳಿದಂಥ ದೊಡ್ಡ ದಾಳಿ ಯಾವುದೂ ನಡೀಲಿಲ್ಲ. ಆದರೆ ಹೋದವರಿಗೆ ಆ ಭಯ ನಿಜ. ಅವರಿಗೆ ಸುದ್ದಿ ಕಳಿಸಿದವರಾದರೂ ಯಾರು? ರೂಮ್‌ಮೇಟ್, ಅಣ್ಣನ ಗೆಳೆಯ, ಅಸ್ಸಾಮಿನಿಂದ ಅಳ್ತಾ ಫೋನ್ ಮಾಡಿದ ಅಮ್ಮ. ಅಮ್ಮನ ಮಾತನ್ನ ಸುಳ್ಳು ಅನ್ನೋದು ಹೇಗೆ? ನೀಲಸಂದ್ರದ ಮನೆ ಮಾಲೀಕರು ಎರಡು ವರ್ಷದಿಂದ ಚೆನ್ನಾಗಿಯೇ ನೋಡಿಕೊಂಡಿದ್ದರೂ, ಆ ರಾತ್ರಿ ಅವರ ಮುಖಕ್ಕಿಂತ ಫೋನಿನ ಸಾಲುಗಳಿಗೇ ತೂಕ ಜಾಸ್ತಿ ಆಯ್ತು.

ಭಯ ಮತ್ತು ಹಗೆ ಒಂದೇ ತಾಯಿಯ ಮಕ್ಕಳು. 2012ರಲ್ಲಿ ಬಂದದ್ದು ಅಕ್ಕ. ಆರು ವರ್ಷದ ಮೇಲೆ ತಂಗಿ ಬಂದಳು.

2018ರ ಬೇಸಿಗೆಯಲ್ಲಿ ಕರ್ನಾಟಕದ ತುಂಬ ವಾಟ್ಸಾಪ್‌ನಲ್ಲಿ ಒಂದೇ ಸುದ್ದಿ: ಮಕ್ಕಳ ಕಳ್ಳರು ಬಂದಿದ್ದಾರೆ. ಜೊತೆಗೊಂದು ವಿಡಿಯೋ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡ್ತಿದ್ದ ಮಗುವನ್ನ ಎತ್ಕೊಂಡು ಹೋಗ್ತಾರೆ. ಈ ವಿಡಿಯೋ ಕರಾಚಿಯದು. ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡೋ ಅಲ್ಲಿನ ಒಂದು ಸಂಸ್ಥೆ ಜಾಗೃತಿಗಾಗಿ ಮಾಡಿಸಿದ್ದು. ಮೂಲ ವಿಡಿಯೋದ ಕೊನೆಯಲ್ಲಿ ಬೈಕಿನವರು ಮಗುವನ್ನ ವಾಪಸ್ ತಂದುಬಿಟ್ಟು, ಎಚ್ಚರಿಕೆಯ ಒಂದು ಫಲಕ ತೋರಿಸ್ತಾರೆ. ಯಾರೋ ಆ ಕೊನೆಯ ಸೆಕೆಂಡುಗಳನ್ನ ಕತ್ತರಿಸಿದರು. ಮಕ್ಕಳನ್ನ ಕಾಪಾಡಿ ಅಂತ ಮಾಡಿದ ವಿಡಿಯೋ ಜನರನ್ನ ಕೊಲ್ಲೋಕೆ ಶುರು ಮಾಡ್ತು.

ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದ 26 ವರ್ಷದ ಯುವಕನೊಬ್ಬನನ್ನ ಮಕ್ಕಳ ಕಳ್ಳ ಅಂತ ಹಿಡಿದು, ಕೈಕಾಲು ಕಟ್ಟಿ, ಕ್ರಿಕೆಟ್ ಬ್ಯಾಟುಗಳಿಂದ ಹೊಡೆದು ಸಾಯಿಸಿದರು. ಕೆಲವರು ಅದರ ವಿಡಿಯೋನೂ ಮಾಡಿದರು. ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹಾಗೇ ಸತ್ತರು. ಗೆಳೆಯರ ಜೊತೆ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಒಂದು ಕಡೆ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಲ್ಲಿ ಅನುಮಾನ ಹುಟ್ಟಿ, ಕಾರು ಹೊರಟ ಕೂಡಲೇ ಮುಂದಿನ ಊರಿನವರ ಫೋನಿಗೆ ವಾಟ್ಸಾಪ್ ತಲುಪಿತ್ತು. ಕಾರು ಮುರ್ಕಿಗೆ ಬರೋ ಹೊತ್ತಿಗೆ ರಸ್ತೆಗೆ ಅಡ್ಡ ಕಟ್ಟಿ ಜನ ಕಾದಿದ್ದರು. ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು.

ಮುರ್ಕಿಯ ಜನ ಆ ಕಾರನ್ನ ನೋಡೋ ಮೊದಲೇ ಒಳಗಿದ್ದವರು ಯಾರು ಅಂತ ತೀರ್ಮಾನ ಮಾಡಿ ಆಗಿತ್ತು. ಇದನ್ನ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ. ಸತ್ತವರು ನಮ್ಮ ನಿಮ್ಮ ಹಾಗೆ ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯೋರು, ವಾರದ ಕೊನೆಗೆ ಗೆಳೆಯರ ಜೊತೆ ಸುತ್ತೋಕೆ ಹೋದವರು.

ಈ ವರ್ತನೆ ಪ್ರಯೋಗಾಲಯದಲ್ಲೂ ಕಾಣುತ್ತೆ. ಬೆಂಗಳೂರಿನಿಂದ ರೈಲುಗಳು ತುಂಬಿ ಹೋದ ಅದೇ 2012ರಲ್ಲಿ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 142 ವಿದ್ಯಾರ್ಥಿಗಳನ್ನ ಇಬ್ಬರಿಬ್ಬರಾಗಿ ಮಾಡಿ ಚಾಟ್‌ನಲ್ಲಿ ವಾದಕ್ಕೆ ಹಚ್ಚಿದರು. ಕೆಲವರಿಗೆ ಎದುರಿನವರ ಹೆಸರು ಗೊತ್ತು, ಕೆಲವರಿಗಿಲ್ಲ. ಕೆಲವರಿಗೆ ಎದುರಿನವರು ಕಾಣ್ತಾರೆ, ಕೆಲವರಿಗಿಲ್ಲ. ಕೆಲವರು ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದು, ಕೆಲವರು ಆಗಲ್ಲ. ಬೈಗುಳ, ಬೆದರಿಕೆಗಳಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅಂತ ಕಂಡದ್ದು ಕಣ್ಣಿಗೆ ಕಣ್ಣು ಸೇರದಿರೋದು. ಹೆಸರು ಗೊತ್ತಿಲ್ಲದಿರೋದು ಅಷ್ಟು ಮುಖ್ಯ ಆಗಲಿಲ್ಲ. ನಮ್ಮಲ್ಲಿ ಮುಖ ನೋಡಿ ಮಾತಾಡು ಅಂತಾರಲ್ಲ, ಅದು ಬರೀ ಶಿಷ್ಟಾಚಾರ ಅಂದ್ಕೊಂಡಿದ್ದೆ.

ಮುಖ ಕಾಣದಿರೋದು ಒಂದು ಕಾರಣ. ಇನ್ನೊಂದು, ನಮ್ಮ ಸುತ್ತ ಕೂತಿರೋ ನಮ್ಮವರು. 2021ರಲ್ಲಿ ಬಂದ ಒಂದು ಅಧ್ಯಯನ ಅಮೆರಿಕದ ಸುದ್ದಿಸಂಸ್ಥೆಗಳು ಮತ್ತು ಸಂಸದರ ಸುಮಾರು 27 ಲಕ್ಷ ಫೇಸ್‌ಬುಕ್, ಟ್ವಿಟ್ಟರ್ ಪೋಸ್ಟುಗಳನ್ನ ನೋಡಿತು. ಎದುರು ಪಕ್ಷದವರನ್ನ ಕುರಿತ ಒಂದೊಂದು ಪದ ಸೇರಿದಂತೆಲ್ಲ ಪೋಸ್ಟು ಹಂಚಿಕೆಯಾಗೋ ಸಾಧ್ಯತೆ 67% ಏರುತ್ತಿತ್ತು. ಸ್ವಂತ ಪಕ್ಷವನ್ನ ಹೊಗಳಿದ್ದಕ್ಕೆ ಅಷ್ಟು ಗಿರಾಕಿ ಇರಲಿಲ್ಲ. ಅಂದರೆ ಗುರುತಿಲ್ಲದ ಮನುಷ್ಯನನ್ನ ಬೈವಾಗ ನಾವು ಅವನ ಜೊತೆ ಮಾತಾಡ್ತಿರೋದೇ ಇಲ್ಲ. ಅವನು ನೆಪ. ಮಾತಿರೋದು ನಮ್ಮ ಹಿಂದೆ ನಿಂತವರಿಗೆ: ನೋಡ್ರಪ್ಪ, ನಾನು ನಿಮ್ಮವನೇ. ಅವರು ಲೈಕ್ ಒತ್ತುತ್ತಾರೆ. ಬೀದಿ ಜಗಳದಲ್ಲಾದರೆ ಯಾರಾದರೂ ಹಿರಿಯರು ತಡೆದು "ಬಿಡಪ್ಪ, ಹೋಗಲಿ" ಅಂತಿದ್ದರು. ಇಲ್ಲಿ ಆ ಹಿರಿಯರೂ ಗ್ರೂಪಿನಲ್ಲೇ ಇದ್ದಾರೆ, ಫಾರ್ವರ್ಡ್ ಮಾಡ್ತಾ.

ದೊಡ್ಡನೆಕ್ಕುಂದಿಯಲ್ಲಿ ಇದು ನನಗೆ ದಿನಾ ಕಾಣುತ್ತೆ. ಈ ಊರಿನ ಇತಿಹಾಸವೇ ಹಾಗಿದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯ ತಂದು ಹಲಸೂರಿನ ಹತ್ತಿರ ಇಳಿಸಿದ ಮೇಲೆ ಬೆಂಗಳೂರು ಎರಡು ಊರಾಯ್ತು, ಪೇಟೆ ಮತ್ತು ದಂಡು. ಎರಡಕ್ಕೂ ಬೇರೆ ಆಡಳಿತ, ಬೇರೆ ಭಾಷೆಗಳು, ಬೇರೆ ಊಟ. 1949ರಲ್ಲಿ ಒಂದೇ ಕಾರ್ಪೊರೇಷನ್ ಆಗೋವರೆಗೂ ಪೇಟೆಯವರಿಗೆ ದಂಡಿನವರು ಹೊರಗಿನವರು, ದಂಡಿನವರಿಗೆ ಪೇಟೆಯವರು ಹೊರಗಿನವರು. ದೊಡ್ಡನೆಕ್ಕುಂದಿ ಆ ಎರಡಕ್ಕೂ ಹೊರಗೆ, ಕೆರೆ ಪಕ್ಕದ ಹಳ್ಳಿ. 1940ರಲ್ಲಿ ಎಚ್‌ಎಎಲ್ ಬಂತು, ಆಮೇಲೆ ಔಟರ್ ರಿಂಗ್ ರೋಡು, ಐಟಿ ಕಂಪನಿಗಳು, 2007ರಲ್ಲಿ ಬಿಬಿಎಂಪಿ, 2023ರಲ್ಲಿ ವೈಟ್‌ಫೀಲ್ಡ್ ಕಡೆಗೆ ಮೆಟ್ರೋ. ಇವತ್ತು ಇಲ್ಲಿ ಪಿಜಿಗಳ ಬೋರ್ಡು ತೆಲುಗಿನಲ್ಲೂ ಇದೆ, ಹಿಂದಿಯಲ್ಲೂ ಇದೆ. ಇಲ್ಲಿ ಎಲ್ಲರೂ ಯಾರೋ ಒಬ್ಬರಿಗೆ ಹೊರಗಿನವರೇ. ಕೆರೆ ಏರಿ ಮೇಲೆ ತಾತನ ಕಾಲದಿಂದ ಓಡಾಡಿದವರಿಗೂ ಈಗ ಗೇಟೆಡ್ ಕಮ್ಯುನಿಟಿಯ ಗಾರ್ಡಿಗೆ ಹೆಸರು ಬರೆಸಿಯೇ ಒಳಗೆ ಹೋಗಬೇಕು.

ಆದರೂ ಟೀ ಅಂಗಡಿ ಮುಂದೆ ಇದೆಲ್ಲ ನಡೆದುಕೊಂಡು ಹೋಗುತ್ತೆ. ಲೋಟ ಎತ್ತಿಕೊಡುವಾಗ ಮುಖ ನೋಡಲೇಬೇಕಲ್ಲ. ಅದೇ ಜನ ಅಪಾರ್ಟ್‌ಮೆಂಟಿನ ಗ್ರೂಪಿಗೆ ಬಂದರೆ ಬೇರೆಯೇ ಆಗಿಬಿಡ್ತಾರೆ. ಹೋದ ವರ್ಷ ನಮ್ಮ ಗ್ರೂಪಿನಲ್ಲಿ ಯಾರೋ ಒಂದು ಫೋಟೋ ಹಾಕಿದರು. ಬಾಲ್ಕನಿಯಿಂದ ತೆಗೆದದ್ದು, ತಲೆ ಮತ್ತು ಬೆನ್ನು ಮಾತ್ರ ಕಾಣುತ್ತೆ. "ಈತ ಅರ್ಧ ಗಂಟೆಯಿಂದ ಮಕ್ಕಳು ಆಡೋ ಜಾಗದ ಹತ್ತಿರ ಸುತ್ತಾಡ್ತಿದ್ದಾನೆ." ಹತ್ತು ನಿಮಿಷದಲ್ಲಿ ನಲವತ್ತು ಮೆಸೇಜು. ಹಿಡೀರಿ, ಕೂರಿಸಿ, ಪೊಲೀಸರನ್ನ ಕರೀರಿ, ಮೊದಲು ನಾಲ್ಕು ಬಿಡಿ. ಕೊನೆಗೆ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು, ಗ್ರೂಪಿನಲ್ಲಿ ಯಾವತ್ತೂ ಏನೂ ಬರೆಯದವರು, ಚಪ್ಪಲಿ ಹಾಕ್ಕೊಂಡು ಕೆಳಗಿಳಿದು "ಯಾಕಪ್ಪ, ಏನ್ ಹುಡುಕ್ತಿದ್ದೀಯ?" ಅಂತ ಕೇಳಿದರು. ಕಲಬುರಗಿ ಕಡೆಯ ಹುಡುಗ. ಪಾರ್ಸೆಲ್ ಕೊಡೋಕೆ ಬಂದವನಿಗೆ ಬಿ ಬ್ಲಾಕ್ ಸಿಕ್ಕಿರಲಿಲ್ಲ. ಗಿರಾಕಿ ಫೋನ್ ಎತ್ತುತ್ತಿರಲಿಲ್ಲ.

ಅಷ್ಟೇ ನಡೆದದ್ದು. ಆದರೆ ಚಾಮರಾಜಪೇಟೆಯಲ್ಲಿ ಮೇಷ್ಟ್ರು ಕೆಳಗಿಳಿಯೋ ಮೊದಲೇ ಬ್ಯಾಟುಗಳು ಇಳಿದಿದ್ದವು. ಆ ಎರಡರ ನಡುವೆ ಇರೋ ಅಂತರ ಬಹಳ ಸಣ್ಣದು.

ಏನು ಮಾಡಬಹುದು? 2018ರ ಕೊಲೆಗಳಾದ ಮೇಲೆ ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನ ಒಮ್ಮೆಗೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡೋ ಮಿತಿ ಹಾಕಿತು. 2012ರಲ್ಲಿ ಸರ್ಕಾರ ಎಸ್‌ಎಂಎಸ್‌ಗೆ ಹಾಕಿದ್ದೂ ಐದೇ. 2020ರಲ್ಲಿ, ಆಗಲೇ ಹಲವು ಕೈ ದಾಟಿ ಬಂದ ಮೆಸೇಜನ್ನ ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಅನ್ನೋ ನಿಯಮ ಬಂದ ಮೇಲೆ, ಅಂಥ ಫಾರ್ವರ್ಡುಗಳು 70% ಇಳಿದವು ಅಂತ ಕಂಪನಿ ಹೇಳಿತು. ಇದರಿಂದ ಒಂದು ವಿಷಯ ಗೊತ್ತಾಗುತ್ತೆ. ಹಗೆಗೆ ವೇಗ ಬೇಕು. ಸ್ವಲ್ಪ ತಡ ಮಾಡಿದರೂ ಅದರ ಬಿಸಿ ಆರುತ್ತೆ.

ಉಳಿದದ್ದು ಜನರ ಕೈಲಿದೆ. 2012ರ ಆಗಸ್ಟ್‌ನಲ್ಲಿ ರೈಲು ನಿಲ್ದಾಣಕ್ಕೆ ಸಚಿವರೂ ಹೋಗಿದ್ದರು, ಮುಸ್ಲಿಂ ಮುಖಂಡರೂ ಹೋಗಿದ್ದರು, ನಿಮಗೇನೂ ಆಗಲ್ಲ ಅಂತ ಧೈರ್ಯ ಹೇಳೋಕೆ. ಎಷ್ಟೋ ಜನ ಆಗಲೇ ರೈಲು ಹತ್ತಿ ಆಗಿತ್ತು. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಪೋಸ್ಟಿನ ಕಾರಣಕ್ಕೆ ಡಿ.ಜೆ.ಹಳ್ಳಿ, ಕೆ.ಜಿ.ಹಳ್ಳಿ ಹೊತ್ತಿ ಉರಿದಾಗ, ಶಾಸಕರ ಮನೆಗೆ, ಪೊಲೀಸ್ ಠಾಣೆಗೆ ಬೆಂಕಿ ಬಿದ್ದು, ಪೊಲೀಸರ ಗುಂಡಿಗೆ ಮೂವರು ಸತ್ತಾಗ, ಅದೇ ಡಿ.ಜೆ.ಹಳ್ಳಿಯ ಮುಸ್ಲಿಂ ಯುವಕರ ಒಂದು ಗುಂಪು ಕೈಗೆ ಕೈ ಕೂಡಿಸಿ ಬೀದಿಯ ಆಂಜನೇಯ ದೇವಸ್ಥಾನದ ಮುಂದೆ ಸಾಲಾಗಿ ನಿಂತಿತು. ಒಂದೇ ರಾತ್ರಿ, ಒಂದೇ ಬಡಾವಣೆ. ಒಂದು ಗುಂಪಿಗೆ ಕಂಡದ್ದು ಫೋನಿನಲ್ಲಿದ್ದ ಅವಮಾನ. ಇನ್ನೊಂದಕ್ಕೆ ಕಂಡದ್ದು ದಿನಾ ದಾಟಿ ಹೋಗೋ ಗುಡಿ, ಅಲ್ಲಿಗೆ ಬರೋ ಗುರುತಿನ ಮುಖಗಳು.

ಹಾಗಾಗಿ ನನ್ನ ಉತ್ತರ ಇಷ್ಟು. ಅಪರಿಚಿತರ ಮೇಲಿನ ಸಿಟ್ಟು ಅಪರಿಚಿತರಿಂದ ಬರೋದು ಕಡಿಮೆ. ಬಹುಪಾಲು ಅದು ನಮ್ಮವರ ಕೈಯಿಂದಲೇ ನಮಗೆ ತಲುಪುತ್ತೆ: ಚಿಕ್ಕಪ್ಪ, ಕಾಲೇಜು ಗೆಳೆಯ, ಪಕ್ಕದ ಫ್ಲಾಟಿನವರು. ನಂಬಿಕೆ ಅನ್ನೋ ಒಳ್ಳೆಯ ಗುಣದ ಬೆನ್ನೇರಿಯೇ ಬರುತ್ತೆ, ಅದಕ್ಕೇ ಅಷ್ಟು ಸಲೀಸಾಗಿ ಒಳಗೆ ಬಂದು ಕೂರುತ್ತೆ. ಟ್ರೋಲ್‌ಗಳನ್ನ ಬ್ಲಾಕ್ ಮಾಡೋದು ಸುಲಭ, ಅವರು ನಮಗೇನೂ ಆಗಬೇಕಾಗಿಲ್ಲ. ಚಿಕ್ಕಪ್ಪನಿಗೆ "ಇದು ಎಲ್ಲಿಂದ ಬಂತು, ನೀವು ನೋಡಿದ್ರಾ?" ಅಂತ ಕೇಳೋದೇ ಕಷ್ಟದ ಕೆಲಸ. ಹಬ್ಬದ ಊಟಕ್ಕೆ ಅವರ ಪಕ್ಕದಲ್ಲೇ ಕೂರಬೇಕಲ್ಲ. ಆದರೆ ಕೇಳಿದರೆ ಉತ್ತರ ಕೊಡೋರೂ ಅವರೇ, ನಮ್ಮ ಮುಖ ನೋಡಿ.